ಹಳೆಯ ಹಾಡು, ಹೊಸ ಹಾಡು: ನ್ಯಾಯವಾಗಿ ಹೋಲಿಸುವುದು ಹೇಗೆ

ಪಿ. ಬಿ. ಶ್ರೀನಿವಾಸ್, ಎಸ್. ಜಾನಕಿ ಅವರ ಕಾಲದ ಕನ್ನಡ ಚಿತ್ರಗೀತೆಗಳ ಮುಂದೆ ಈಗಿನ ಹಾಡುಗಳು ನಿಲ್ಲುತ್ತವೆಯೇ ಎಂಬ ವಾದವು ಹಬ್ಬದ ಊಟವಾದ ಮೇಲೆ ಶುರುವಾಗಿ, ಒಂದು ಹಾಡನ್ನೂ ಯಾರೂ ಪೂರ್ತಿ ಕೇಳದೆಯೇ ಮುಗಿದುಹೋಗುವುದು ಸಾಮಾನ್ಯ. ಹಿರಿಯರು ತಮ್ಮ ಕಾಲದ ಅತ್ಯುತ್ತಮ ಹಾಡನ್ನು ಈಗಿನ ಅತ್ಯಂತ ಕೆಟ್ಟ ಹಾಡಿನ ಎದುರಿಗೆ ಇಡುತ್ತಾರೆ. ಕಿರಿಯರು ಕೋಟಿಗಟ್ಟಲೆ ವೀಕ್ಷಣೆಗಳ ಲೆಕ್ಕವನ್ನು ಮುಂದಿಡುತ್ತಾರೆ. ಎರಡೂ ಸಂಗೀತದ ಕುರಿತ ಮಾತುಗಳಲ್ಲ. ಈ ಪ್ರಶ್ನೆಯನ್ನು ನಿಜವಾಗಿಯೂ ಕಿವಿಯಿಂದಲೇ ಇತ್ಯರ್ಥ ಮಾಡಿಕೊಳ್ಳಬೇಕೆಂದು ಬಯಸುವ ಮನೆಯವರಿಗೆ, ಗೆಳೆಯರ ಗುಂಪಿಗೆ ಅಥವಾ ಕನ್ನಡ ಸಂಘದ ಚಿಕ್ಕ ಕೂಟಕ್ಕೆ ಉಪಯೋಗವಾಗುವಂಥ ಒಂದು ಕ್ರಮವನ್ನು ಇಲ್ಲಿ ವಿವರಿಸುತ್ತೇನೆ. ಹೆಚ್ಚಿನ ಸಲಕರಣೆಗಳೇನೂ ಬೇಕಿಲ್ಲ. ಒಂದು ಸ್ಪೀಕರ್, ಒಂದು ನೋಟ್‌ಬುಕ್ ಮತ್ತು ಹಾಡು ನಡೆಯುತ್ತಿರುವಾಗ ಸುಮ್ಮನಿರಬಲ್ಲ ಜನ ಇದ್ದರೆ ಸಾಕು. ಮೂರನೆಯದು ಸಿಗುವುದೇ ಕಷ್ಟ.

ಆರಂಭಿಸುವ ಮುನ್ನ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಈಗಿನ ಹಾಡುಗಳು ಕೆಟ್ಟಿವೆ ಎಂಬ ದೂರು ಈಗಿನದಲ್ಲ. 1952ರಲ್ಲಿ ಕೇಂದ್ರದ ವಾರ್ತಾ ಸಚಿವರಾಗಿದ್ದ ಬಿ. ವಿ. ಕೇಸ್ಕರ್ ಅವರು ಚಿತ್ರಗೀತೆಗಳು ಜನರ ಅಭಿರುಚಿಯನ್ನು ಕೆಡಿಸುತ್ತವೆ ಎಂಬ ಕಾರಣಕ್ಕೆ ಆಕಾಶವಾಣಿಯಿಂದ ಅವುಗಳನ್ನು ಹೊರಗಿಟ್ಟರು. ಕೇಳುಗರು ರೇಡಿಯೊ ಸಿಲೋನ್ ಕಡೆಗೆ ಮುಳ್ಳು ತಿರುಗಿಸಿದರು. ಕೊನೆಗೆ 1957ರ ಅಕ್ಟೋಬರ್ 3ರಂದು ಆಕಾಶವಾಣಿಯೇ ಚಿತ್ರಗೀತೆಗಳಿಗೆ ಜಾಗ ಕೊಡುವ ವಿವಿಧ ಭಾರತಿಯನ್ನು ಆರಂಭಿಸಬೇಕಾಯಿತು. ಅಂದರೆ ಇಂದು ನಾವು ಸುವರ್ಣಯುಗವೆಂದು ಕರೆಯುವ ಕಾಲದ ಹಾಡುಗಳನ್ನೇ ಅಂದಿನ ಹಿರಿಯರು ಕೀಳೆಂದು ತಳ್ಳಿದ್ದರು. ಮುಂದೆ 1987ರಲ್ಲಿ 'ಪ್ರೇಮಲೋಕ' ಬಂದು, ಹಂಸಲೇಖ ಅವರು ಆಡುಮಾತಿನ ಲಯದಲ್ಲೇ ಹಾಡು ಕಟ್ಟಿದಾಗಲೂ ಸಾಹಿತ್ಯ ಹಾಳಾಯಿತೆಂದವರಿದ್ದರು. ಅವರಲ್ಲಿ ಹಲವರ ಮಕ್ಕಳು ಈಗ ಅದೇ ಹಾಡುಗಳನ್ನು ಹಳೆಯ ಒಳ್ಳೆಯ ಕಾಲದ ಸಾಕ್ಷಿಯಾಗಿ ಎತ್ತಿ ತೋರಿಸುತ್ತಾರೆ. ಇದರಿಂದ ದೂರು ಸುಳ್ಳೆಂದು ಸಾಬೀತಾಗುವುದಿಲ್ಲ. ಆದರೆ ಅದನ್ನು ಪರೀಕ್ಷಿಸದೆ ಒಪ್ಪಬಾರದು ಎಂಬಷ್ಟು ಎಚ್ಚರವಂತೂ ಬರುತ್ತದೆ.

ಹಾಡುಗಳನ್ನು ಆರಿಸುವುದು

ಮೊದಲ ಕೆಲಸ ಪಟ್ಟಿ ಮಾಡುವುದು. ಹೆಚ್ಚಿನ ಅನ್ಯಾಯ ನಡೆಯುವುದೂ ಇಲ್ಲಿಯೇ. ಕಾಲವೆಂಬುದು ಜರಡಿ. 1970ರ ದಶಕದಲ್ಲಿ ವರ್ಷಕ್ಕೆ ಹತ್ತಾರು ಕನ್ನಡ ಚಿತ್ರಗಳು ತೆರೆಗೆ ಬರುತ್ತಿದ್ದವು, ಒಂದೊಂದರಲ್ಲೂ ನಾಲ್ಕಾರು ಹಾಡುಗಳಿರುತ್ತಿದ್ದವು. ಅವುಗಳಲ್ಲಿ ನಾವು ಇಂದು ಕೇಳುತ್ತಿರುವುದು ಉಳಿದುಬಂದ ಕೆಲವನ್ನು ಮಾತ್ರ. ಈಚಿನ ವರ್ಷಗಳಲ್ಲಿ ಇನ್ನೂರಕ್ಕೂ ಹೆಚ್ಚು ಚಿತ್ರಗಳು ಬರುತ್ತಿವೆ, ಅವುಗಳ ಹಾಡುಗಳೆಲ್ಲ ಸೋಸದೆಯೇ ನಮ್ಮ ಕಿವಿಗೆ ಬೀಳುತ್ತಿವೆ. ಆದುದರಿಂದ ಅಂದಿನ ಆಯ್ದ ಹತ್ತನ್ನು ಇಂದಿನ ಆಯದ ಸಾವಿರದೊಡನೆ ಹೋಲಿಸಿದರೆ ಫಲಿತಾಂಶವನ್ನು ಮೊದಲೇ ಬರೆದಿಟ್ಟಂತಾಗುತ್ತದೆ.

ಇದನ್ನು ಸರಿಪಡಿಸಲು ಚೀಟಿ ಎತ್ತುವುದೇ ಸುಲಭದ ದಾರಿ. 1975ರಂಥ ಒಂದು ವರ್ಷವನ್ನೂ 2015ರಂಥ ಇನ್ನೊಂದು ವರ್ಷವನ್ನೂ ಇಟ್ಟುಕೊಂಡು, ಆ ವರ್ಷಗಳ ಕನ್ನಡ ಚಿತ್ರಗಳ ಹೆಸರುಗಳನ್ನು ಚೀಟಿಗಳಲ್ಲಿ ಬರೆದು, ಪ್ರತಿ ವರ್ಷಕ್ಕೂ ಮೂರು ಚೀಟಿಗಳನ್ನು ಕಣ್ಣುಮುಚ್ಚಿ ಎತ್ತಿ. ಬಂದ ಚಿತ್ರಗಳ ಎಲ್ಲ ಹಾಡುಗಳನ್ನೂ ಕೇಳಿ, ಇಷ್ಟವಾದವನ್ನು ಮಾತ್ರವಲ್ಲ. ಹಳೆಯ ಚಿತ್ರಗಳಲ್ಲೂ ಎಷ್ಟೊಂದು ಸಪ್ಪೆ ಹಾಡುಗಳಿದ್ದವು, ಹಿಂದಿ ಧಾಟಿಗಳನ್ನು ಎಷ್ಟು ಸಲೀಸಾಗಿ ಎತ್ತಿಕೊಳ್ಳಲಾಗುತ್ತಿತ್ತು, ಕ್ಯಾಬರೆ ಗೀತೆಗಳು ಎಷ್ಟು ಒಂದೇ ಅಚ್ಚಿನಲ್ಲಿ ಬರುತ್ತಿದ್ದವು ಎಂಬುದು ಹಿರಿಯರಿಗೂ ಮರೆತುಹೋಗಿರುತ್ತದೆ. ಈ ಒಂದು ಸಂಜೆಯಿಂದ ತೀರ್ಮಾನವೇನೂ ಹೊರಡುವುದಿಲ್ಲ. ಆದರೆ ಮಾತಿನ ಬಿಸಿ ಇಳಿಯುತ್ತದೆ, ಮುಂದಿನ ಸಂಜೆಯ ಕೆಲಸಕ್ಕೆ ಅದು ಬೇಕು.

ಮುಂದಿನದು ಜೋಡಿಗಳನ್ನು ಕಟ್ಟುವುದು. ಒಂದೇ ಕೆಲಸವನ್ನು ಮಾಡುವ ಎರಡು ಹಾಡುಗಳನ್ನು ಮಾತ್ರ ಎದುರುಬದುರು ಇಡಬೇಕು. ಭಕ್ತಿಗೀತೆಯ ಎದುರಿಗೆ ಕುಣಿತದ ಹಾಡನ್ನಿಟ್ಟು ತೂಗುವುದು ಹೋಲಿಕೆಯಲ್ಲ. ನನಗೆ ಬಹಳ ಉಪಯುಕ್ತವೆನಿಸಿದ ಮೂರು ಜೋಡಿಗಳನ್ನು ಹೇಳುತ್ತೇನೆ.

ಒಂದು, ಒಲಿದವಳನ್ನು ನೆನೆಯುವ ಗಂಡುದನಿಯ ಏಕಗೀತೆ. 1976ರ 'ಬಯಲುದಾರಿ' ಚಿತ್ರದಲ್ಲಿ ರಾಜನ್–ನಾಗೇಂದ್ರ ಅವರ ಸಂಗೀತಕ್ಕೆ ಚಿ. ಉದಯಶಂಕರ್ ಬರೆದು ಎಸ್. ಪಿ. ಬಾಲಸುಬ್ರಹ್ಮಣ್ಯಂ ಹಾಡಿದ 'ಎಲ್ಲಿರುವೆ' ಗೀತೆ ಒಂದು ಕಡೆ. ಮೂವತ್ತು ವರ್ಷಗಳ ಬಳಿಕ, 2006ರ ಕೊನೆಯ ವಾರದಲ್ಲಿ ತೆರೆಕಂಡ 'ಮುಂಗಾರು ಮಳೆ' ಚಿತ್ರಕ್ಕೆ ಮನೋಮೂರ್ತಿ ಸಂಗೀತ ನೀಡಿ, ಜಯಂತ ಕಾಯ್ಕಿಣಿ ಬರೆದು, ಸೋನು ನಿಗಮ್ ಹಾಡಿದ 'ಅನಿಸುತಿದೆ ಯಾಕೋ ಇಂದು' ಇನ್ನೊಂದು ಕಡೆ. ಎರಡೂ ಅವರವರ ಕಾಲದಲ್ಲಿ ಮನೆಮನೆಯ ಹಾಡುಗಳಾಗಿದ್ದವು. ಎರಡನೆಯದು ಈಗ ಹೊಸದೂ ಅಲ್ಲ ಎಂಬುದನ್ನು ಇಂದಿನ ಇಪ್ಪತ್ತರ ಹರೆಯದವರು ನಿಮಗೆ ನೆನಪಿಸುತ್ತಾರೆ. ಆ ಮಾತನ್ನೂ ಬರೆದಿಟ್ಟುಕೊಳ್ಳಿ.

ಎರಡು, ಗೊಂಬೆಯ ಹಾಡುಗಳು. 1971ರ 'ಕಸ್ತೂರಿ ನಿವಾಸ'ದಲ್ಲಿ ಜಿ. ಕೆ. ವೆಂಕಟೇಶ್ ಸಂಗೀತದಲ್ಲಿ ಪಿ. ಬಿ. ಶ್ರೀನಿವಾಸ್ ಹಾಡಿದ, ಉರುಳಿಸಿದರೂ ಎದ್ದು ನಿಲ್ಲುವ ಗೊಂಬೆಯ ಹಾಡನ್ನು ಅರಿಯದವರಿಲ್ಲ. 2017ರ 'ರಾಜಕುಮಾರ' ಚಿತ್ರದಲ್ಲಿ ವಿ. ಹರಿಕೃಷ್ಣ ಸಂಗೀತದಲ್ಲಿ ವಿಜಯ್ ಪ್ರಕಾಶ್ ಹಾಡಿದ 'ಬೊಂಬೆ ಹೇಳುತೈತೆ' ಅದೇ ಗೊಂಬೆಯನ್ನು ಮತ್ತೆ ಕೈಗೆತ್ತಿಕೊಳ್ಳುತ್ತದೆ. ತಂದೆ ರಾಜ್‌ಕುಮಾರ್ ಅವರ ಚಿತ್ರದ ರೂಪಕ ಮಗ ಪುನೀತ್ ಅವರ ಚಿತ್ರದಲ್ಲಿ ಮರಳಿ ಬಂದಿರುವುದರಿಂದ ಎರಡು ಕಾಲಗಳು ಒಂದೇ ವಸ್ತುವನ್ನು ಹೇಗೆ ಹಿಡಿಯುತ್ತವೆ ಎಂಬುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಮೂರನೆಯದು ಎಲ್ಲಕ್ಕಿಂತ ಶುದ್ಧವಾದ ಪರೀಕ್ಷೆ, ಏಕೆಂದರೆ ಇದರಲ್ಲಿ ಸಾಹಿತ್ಯ ಬದಲಾಗುವುದೇ ಇಲ್ಲ. ಶಿಶುನಾಳ ಶರೀಫರ (1819–1889) ತತ್ತ್ವಪದಗಳನ್ನು ಸಿ. ಅಶ್ವತ್ಥ್ ಹಾಡಿದ ರೂಪದಲ್ಲೂ, ಈಚಿನ ದಶಕಗಳಲ್ಲಿ ರಘು ದೀಕ್ಷಿತ್ ಅವರ ತಂಡ ಗಿಟಾರು, ಪಿಟೀಲು, ಡ್ರಮ್ಸ್‌ಗಳೊಡನೆ ಹಾಡುವ ರೂಪದಲ್ಲೂ ಕೇಳಿ. ಹಳೆಯದೆಂದು ನಾವು ತಿಳಿಯುವ ಅಶ್ವತ್ಥರ ರೂಪವೂ ತಂಬೂರಿ, ತಾಳಗಳ ಭಜನೆಯ ಪರಂಪರೆಗೆ ಹೊಸದೇ ಆಗಿತ್ತು. ಉತ್ತರ ಕರ್ನಾಟಕದ ಯಾವುದಾದರೂ ಭಜನಾ ಮೇಳದ ಧ್ವನಿಮುದ್ರಣ ಸಿಕ್ಕಿದರೆ ಅದನ್ನು ಮೂರನೆಯ ರೂಪವಾಗಿ ಸೇರಿಸಿಕೊಳ್ಳಿ. ಆಗ ಹಳೆಯದು ಮತ್ತು ಹೊಸದು ಎಂಬ ಎರಡೇ ಪೆಟ್ಟಿಗೆಗಳು ಸಾಲುವುದಿಲ್ಲವೆಂದು ತಾನಾಗಿಯೇ ತಿಳಿಯುತ್ತದೆ.

ಕೇಳುವ ಏರ್ಪಾಡು

ಜೋರಾಗಿ ಕೇಳಿಸುವುದನ್ನು ಕಿವಿ ಚೆನ್ನಾಗಿದೆಯೆಂದು ಭಾವಿಸುತ್ತದೆ. ಧ್ವನಿ ಹೆಚ್ಚಿದಾಗ ಮಂದ್ರ (ತಗ್ಗಿನ ಸ್ವರ) ಮತ್ತು ತಾರ (ಎತ್ತರದ ಸ್ವರ) ಎರಡೂ ನಮಗೆ ತುಂಬಿಕೊಂಡು ಕೇಳಿಸುವುದೇ ಇದಕ್ಕೆ ಕಾರಣ. ಹೊಸ ಹಾಡುಗಳನ್ನು ಬಹಳ ಜೋರಾಗಿ ಮುದ್ರಿಸಿರುತ್ತಾರೆ. ಆದುದರಿಂದ ಎರಡನ್ನೂ ಒಂದೇ ಮಟ್ಟಕ್ಕೆ ತರದೆ ಹೋಲಿಸಬಾರದು. ಸ್ಪಾಟಿಫೈನಂಥ ಆ್ಯಪ್‌ಗಳ ಸೆಟ್ಟಿಂಗ್ಸ್‌ನಲ್ಲಿ ಧ್ವನಿಯನ್ನು ಸಮಗೊಳಿಸುವ ಆಯ್ಕೆ ಇರುತ್ತದೆ, ಅದನ್ನು ಹಾಕಿಕೊಳ್ಳಿ. ಯೂಟ್ಯೂಬ್ ಜೋರಾದ ಹಾಡನ್ನು ಇಳಿಸುತ್ತದೆಯೇ ಹೊರತು ಮೆಲುವಾದ ಹಳೆಯ ಹಾಡನ್ನು ಏರಿಸುವುದಿಲ್ಲ. ಅಲ್ಲಿ ಕೈಯಿಂದಲೇ ಸರಿಪಡಿಸಬೇಕು. ಸರಿಪಡಿಸುವಾಗ ಡೋಲು, ಡ್ರಮ್ಸ್‌ಗಳನ್ನು ನೋಡದೆ, ಗಾಯಕರ ದನಿ ಎರಡರಲ್ಲೂ ಒಂದೇ ಎತ್ತರದಲ್ಲಿ ಕೇಳುವಂತೆ ನೋಡಿಕೊಳ್ಳಿ.

ಹೆಡ್‌ಫೋನ್ ಬೇಡ. ಹಳೆಯ ಮುದ್ರಣಗಳು ಮೋನೊ, ಅಂದರೆ ಎರಡೂ ಕಿವಿಗೆ ಒಂದೇ ಧ್ವನಿ ಬರುವಂಥವು, ಆಗಿರುವುದರಿಂದ ಹೆಡ್‌ಫೋನಿನಲ್ಲಿ ಇಡೀ ಹಾಡು ತಲೆಯ ನಡುವೆ ಒತ್ತಿಟ್ಟಂತೆ ಕೇಳಿಸುತ್ತದೆ. ಮೊಬೈಲಿನ ಪುಟ್ಟ ಸ್ಪೀಕರ್ ಕೂಡ ಬೇಡ, ಏಕೆಂದರೆ ಅದರಲ್ಲಿ ಹೊಸ ಹಾಡಿನ ಮಂದ್ರವೆಲ್ಲ ಮಾಯವಾಗುತ್ತದೆ. ಸಾಧಾರಣ ಗುಣಮಟ್ಟದ ಒಂದು ಸ್ಪೀಕರ್ ಇಬ್ಬರಿಗೂ ನ್ಯಾಯ ಒದಗಿಸುತ್ತದೆ. ಹಳೆಯ ಹಾಡನ್ನು ಧ್ವನಿಮುದ್ರಣದ ಹಕ್ಕುಳ್ಳ ಕಂಪನಿಯ ಪ್ರತಿಯಿಂದಲೇ ಕೇಳಿ. ಸವೆದ ಕ್ಯಾಸೆಟ್ಟಿನಿಂದ ಏರಿಸಿದ ಪ್ರತಿ ಒಂದು ಬಗೆಯ ಮೋಸವಾದರೆ, ಮೇಲಿಂದ ಮೇಲೆ ಪ್ರತಿಧ್ವನಿಯನ್ನೂ ಹೊಸ ಡ್ರಮ್ಸನ್ನೂ ಸೇರಿಸಿ ನವೀಕರಿಸಿದ್ದೇವೆ ಎನ್ನುವ ಪ್ರತಿ ಇನ್ನೊಂದು ಬಗೆಯದು. ದೃಶ್ಯವನ್ನು ಮುಚ್ಚಿಡಿ. ತೆರೆಯ ಮೇಲಿನ ಮುಖ ಕಂಡ ಕೂಡಲೇ ಹಾಡಿನ ವಿಚಾರಣೆ ನಿಂತು ಅಭಿಮಾನದ ವಿಚಾರಣೆ ಶುರುವಾಗುತ್ತದೆ.

ಹೊಸ ಹಾಡನ್ನು ಒಮ್ಮೆ ಕೇಳಿ ತೀರ್ಪು ಕೊಡಬೇಡಿ. ಪರಿಚಯವೇ ಇಷ್ಟವನ್ನು ಬೆಳೆಸುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ರಾಬರ್ಟ್ ಜಯೊನ್ಸ್ 1968ರಲ್ಲೇ ಪ್ರಯೋಗಗಳಿಂದ ತೋರಿಸಿದ್ದಾರೆ. ಹಳೆಯ ಹಾಡನ್ನು ನೀವು ರೇಡಿಯೊದಲ್ಲಿ, ಮದುವೆ ಮಂಟಪದಲ್ಲಿ, ಬಸ್ಸಿನಲ್ಲಿ ಲೆಕ್ಕವಿಲ್ಲದಷ್ಟು ಸಲ ಕೇಳಿರುತ್ತೀರಿ. ಹೊಸದಕ್ಕೂ ಬೇರೆ ಬೇರೆ ದಿನಗಳಲ್ಲಿ ಕೆಲವು ಸಲವಾದರೂ ಅವಕಾಶ ಕೊಡುವುದು ನ್ಯಾಯ.

ಮಾತು ಮತ್ತು ಮಟ್ಟು

ಈಗ ನಿಜವಾದ ಕೆಲಸಕ್ಕೆ ಬರೋಣ. ಹಾಡಿನಲ್ಲಿ ಕೇಳಬೇಕಾದ ಅಂಶಗಳು ಹಲವಾರಿದ್ದರೂ, ಕನ್ನಡದ ಹಾಡಿಗೆ ಮಾತು ಮತ್ತು ಮಟ್ಟು (ಹಾಡಿನ ಧಾಟಿ) ಕೂಡುವ ಜಾಗವೇ ಎಲ್ಲಕ್ಕಿಂತ ಮುಖ್ಯವೆಂದು ನನ್ನ ಎಣಿಕೆ. ಆದುದರಿಂದ ಹೆಚ್ಚಿನ ಸಮಯವನ್ನು ಇದಕ್ಕೇ ಮೀಸಲಿಡಿ.

ಹಾಡಿನ ಸಾಹಿತ್ಯವನ್ನು ಒಂದು ಹಾಳೆಯಲ್ಲಿ ಬರೆದು, ಆ ಹಾಡನ್ನು ಕೇಳಿರದ ಒಬ್ಬರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ. ಅವರು ಸಹಜವಾಗಿ ಎಲ್ಲಿ ನಿಲ್ಲುತ್ತಾರೆ, ಯಾವ ಅಕ್ಷರವನ್ನು ಎಳೆಯುತ್ತಾರೆ, ಯಾವುದರ ಮೇಲೆ ಒತ್ತು ಹಾಕುತ್ತಾರೆ ಎಂಬುದನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ. ಬಳಿಕ ಹಾಡನ್ನು ಹಾಕಿ, ಓದಿದ್ದಕ್ಕೂ ಹಾಡಿದ್ದಕ್ಕೂ ಎಲ್ಲೆಲ್ಲಿ ವ್ಯತ್ಯಾಸವಿದೆ ಎಂದು ನೋಡಿ. ಕನ್ನಡದಲ್ಲಿ ಹ್ರಸ್ವ ದೀರ್ಘಗಳು ಅರ್ಥವನ್ನೇ ಬದಲಿಸುವುದರಿಂದ, ರಾಗದ ಅನುಕೂಲಕ್ಕಾಗಿ 'ಮನ'ದ ಮೊದಲ ಅಕ್ಷರವನ್ನು ಎಳೆದರೆ ಅದು 'ಮಾನ'ವಾಗುತ್ತದೆ, 'ಬಿಡು' ಎಂಬುದು 'ಬೀಡು' ಆಗುತ್ತದೆ. ಒಳ್ಳೆಯ ಸಂಯೋಜಕ ಎಳೆಯಬೇಕಾದ ಜಾಗದಲ್ಲಿ ಗುರು ಅಕ್ಷರ ಬರುವಂತೆ ಕವಿಯನ್ನು ಕೇಳಿಕೊಳ್ಳುತ್ತಾನೆ, ಇಲ್ಲವೇ ಸ್ವರವನ್ನು ತಾನೇ ಒಂದಿಷ್ಟು ಸರಿಸುತ್ತಾನೆ. ಇಬ್ಬರೂ ಒಪ್ಪದಿದ್ದಾಗ ಅಥವಾ ಇಬ್ಬರಿಗೂ ಸಮಯವಿಲ್ಲದಿದ್ದಾಗ ಭಾಷೆ ಸೋಲುತ್ತದೆ.

ಇನ್ನೆರಡು ಗುರುತುಗಳನ್ನೂ ನೋಡಿ. ತಾಳದ ಪೆಟ್ಟು ಎಲ್ಲಿ ಬೀಳುತ್ತದೆ? ಕನ್ನಡದ ಪದಗಳ ತೂಕ ಸಾಮಾನ್ಯವಾಗಿ ಮೊದಲ ಅಕ್ಷರದ ಕಡೆಗಿರುತ್ತದೆ. ಪೆಟ್ಟು ಹೋಗಿ 'ಅಲ್ಲಿ', 'ಇಂದ', 'ಅನ್ನು' ಎಂಬ ಪ್ರತ್ಯಯಗಳ ಮೇಲೆ ಬಿದ್ದರೆ ಪದವನ್ನು ಗುರುತಿಸಲು ಕಿವಿ ಒದ್ದಾಡುತ್ತದೆ. ಹಾಗೆಯೇ, ಗಾಯಕರು ಉಸಿರು ತೆಗೆದುಕೊಳ್ಳುವ ಜಾಗ ಪದದ ನಡುವೆ ಬಂದರೆ ಅರ್ಧ ಪದ ಈ ಸಾಲಿನಲ್ಲೂ ಇನ್ನರ್ಧ ಮುಂದಿನ ಸಾಲಿನಲ್ಲೂ ನೇತಾಡುತ್ತದೆ. ಇವೆರಡೂ ಹಳೆಯ ಹಾಡುಗಳಲ್ಲಿಯೂ ಸಿಗುತ್ತವೆ, ಹೊಸವುಗಳಲ್ಲಿಯೂ ಸಿಗುತ್ತವೆ; ಎಷ್ಟು ಸಲ ಎಂಬುದನ್ನು ಎಣಿಸುವುದೇ ನಿಮ್ಮ ಕೆಲಸ.

ಈ ಪರೀಕ್ಷೆ ನಡೆಯುವಾಗ ಯಾರಾದರೂ ಒಬ್ಬರು, ಹಿಂದೆ ಕವಿ ಮೊದಲು ಬರೆಯುತ್ತಿದ್ದರು, ಈಗ ಮಟ್ಟು ಕೊಟ್ಟು ಬರೆಸುತ್ತಾರೆ, ಅದಕ್ಕೇ ಹೀಗೆ ಎಂದು ಹೇಳಿಯೇ ಹೇಳುತ್ತಾರೆ. ಇದು ಪೂರ್ತಿ ನಿಜವಲ್ಲ. ಚಿತ್ರರಂಗದಲ್ಲಿ ಮಟ್ಟಿಗೆ ಬರೆಯುವುದು ಮೊದಲಿನಿಂದಲೂ ಇತ್ತು; ಚಿ. ಉದಯಶಂಕರ್ ಅವರು ಮಟ್ಟು ಕೇಳಿದ ಕೂಡಲೇ ಬರೆದುಕೊಡುವ ವೇಗಕ್ಕೇ ಹೆಸರಾಗಿದ್ದವರು. ಕವಿತೆಯೇ ಮೊದಲು ಹುಟ್ಟಿ ಧಾಟಿ ಆಮೇಲೆ ಬಂದ ಉದಾಹರಣೆ ಬೇಕಿದ್ದರೆ 1967ರ 'ಬೆಳ್ಳಿಮೋಡ'ದಲ್ಲಿ ವಿಜಯಭಾಸ್ಕರ್ ಅವರು ಬೇಂದ್ರೆಯವರ 'ಬೆಳಗು' ಕವಿತೆಯನ್ನು ಜಾನಕಿಯವರಿಂದ ಹಾಡಿಸಿದ್ದನ್ನು ಕೇಳಬಹುದು. ಅಲ್ಲಿ ಕವಿತೆಯ ಓಟಕ್ಕೆ ಸಂಗೀತ ಶರಣಾಗಿದೆ. ಆದರೆ ಅದು ಚಿತ್ರಗೀತೆಯ ನಿತ್ಯದ ಪದ್ಧತಿಯಲ್ಲ. ಆದುದರಿಂದ ಯಾವುದು ಮೊದಲು ಹುಟ್ಟಿತೆಂದು ಕೇಳುವ ಬದಲು, ಎರಡೂ ಕೂಡಿದ ಮೇಲೆ ತಿದ್ದಲು ಎಷ್ಟು ಸಮಯ ಸಿಕ್ಕಿತೆಂದು ಕೇಳಬೇಕು.

ಇದರ ಜೊತೆಗೆ ಸಾಹಿತ್ಯದ ವಸ್ತುವನ್ನೂ ನೋಡಬೇಕು. ಇಲ್ಲಿ ಹಳೆಯದರ ಪರವಾಗಿಯೇ ತೀರ್ಪು ಬರುತ್ತದೆಂದು ಭಾವಿಸಬೇಡಿ. ಹಳೆಯ ಪ್ರೇಮಗೀತೆಗಳಲ್ಲಿ ಚಂದಿರ, ತಂಗಾಳಿ, ಮಲ್ಲಿಗೆ, ಕಾಮನಬಿಲ್ಲುಗಳು ಎಷ್ಟು ಸಲ ಬರುತ್ತವೆ ಎಂದು ಎಣಿಸಿ ನೋಡಿ. ಕಾಯ್ಕಿಣಿಯವರು ಬಂದ ಮೇಲೆ ದಿನಬಳಕೆಯ ಸಣ್ಣ ಸಂಗತಿಗಳೂ ಅರೆಮನಸ್ಸಿನ ಸಂದೇಹಗಳೂ ಪ್ರೇಮಗೀತೆಯೊಳಗೆ ಜಾಗ ಪಡೆದವು. ಭಾಷೆಯ ಹರಹಿನಲ್ಲೂ ಹಾಗೆಯೇ. ಅಂದಿನ ಚಿತ್ರಗೀತೆಗಳ ಭಾಷೆ ಬಹುಮಟ್ಟಿಗೆ ಮೈಸೂರು ಕಡೆಯ ಶಿಷ್ಟ ಕನ್ನಡವಾಗಿತ್ತು. ಚಂದ್ರಶೇಖರ ಕಂಬಾರರ 'ಕಾಡು ಕುದುರೆ'ಯ ಹಾಡಿಗೆ ಶಿವಮೊಗ್ಗ ಸುಬ್ಬಣ್ಣ ಅವರು 1978ನೇ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದಂಥ ಅಪವಾದಗಳಿದ್ದವು ನಿಜ, ಆದರೆ ಅವು ಅಪವಾದಗಳೇ. ಈಗ ಕುಂದಾಪುರದ, ಮಂಡ್ಯದ, ಹುಬ್ಬಳ್ಳಿ–ಧಾರವಾಡದ ಮಾತು ಹಾಡಿನೊಳಗೆ ಸಂಕೋಚವಿಲ್ಲದೆ ಬರುತ್ತಿದೆ. ಚಿತ್ರರಂಗದ ಹೊರಗೆ ಉತ್ತರ ಕರ್ನಾಟಕದ ಹಳ್ಳಿಗಳಿಂದ ಯೂಟ್ಯೂಬಿಗೆ ಬರುವ ಜನಪದ ಶೈಲಿಯ ಹಾಡುಗಳಿಗಂತೂ ತಮ್ಮದೇ ದೊಡ್ಡ ಕೇಳುಗ ಬಳಗವಿದೆ. ಅವುಗಳಲ್ಲಿ ಎಷ್ಟೋ ಒರಟಾಗಿವೆ ಎಂಬುದು ಬೇರೆ ಮಾತು.

ದನಿ

ಹೊರಗಿನ ಗಾಯಕರಿಂದ ಕನ್ನಡ ಕೆಟ್ಟಿತು ಎಂಬ ವಾದವನ್ನು ಆರಂಭದಲ್ಲೇ ಬದಿಗಿಡಬಹುದು. ಪಿ. ಬಿ. ಶ್ರೀನಿವಾಸ್, ಪಿ. ಸುಶೀಲ, ಎಸ್. ಜಾನಕಿ, ಎಸ್. ಪಿ. ಬಾಲಸುಬ್ರಹ್ಮಣ್ಯಂ ಇವರೆಲ್ಲರ ಮನೆಮಾತು ತೆಲುಗು; ವಾಣಿ ಜಯರಾಂ ಅವರದು ತಮಿಳು. ಹುಟ್ಟಿದ ಊರನ್ನು ಬಿಟ್ಟು ಉಚ್ಚಾರವನ್ನೇ ಕೇಳಿ. ಲಕಾರ ಳಕಾರಗಳು ಬೇರೆಯಾಗಿ ಕೇಳುತ್ತವೆಯೇ, ನಕಾರ ಣಕಾರಗಳು ಉಳಿದಿವೆಯೇ, ಪದದ ಮೊದಲಿನ ಹಕಾರ ಕರಗಿ 'ಹಾಡು' ಹೋಗಿ 'ಆಡು' ಆಗಿದೆಯೇ, ಮಹಾಪ್ರಾಣಗಳು ಬೇಕಾದಲ್ಲಿ ಇವೆಯೇ ಮತ್ತು ಬೇಡದಲ್ಲಿ ಇಲ್ಲವೇ ಎಂಬ ನಾಲ್ಕು ಪ್ರಶ್ನೆಗಳು ಸಾಕು. ಇಲ್ಲಿ ಹಳಬರು ಗೆಲ್ಲುವುದೇ ಹೆಚ್ಚು, ಮತ್ತು ಅದಕ್ಕೆ ಕಾರಣ ಅವರ ಪ್ರತಿಭೆಯೊಂದೇ ಅಲ್ಲ. ಅಂದು ಮದರಾಸಿನ ಸ್ಟುಡಿಯೊಗಳಲ್ಲಿ ಗಾಯಕರು, ವಾದ್ಯವೃಂದ, ಸಂಗೀತ ನಿರ್ದೇಶಕರು ಮತ್ತು ಗೀತರಚನೆಕಾರರು ಒಂದೇ ಸೂರಿನಡಿ ಸೇರುತ್ತಿದ್ದರು. ಇಡೀ ಹಾಡು ಒಂದೇ ಓಟದಲ್ಲಿ ಮುದ್ರಣವಾಗಬೇಕಿತ್ತು, ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ ಶುರುಮಾಡಬೇಕಿತ್ತು. ಹಾಗಾಗಿ ತಾಲೀಮು ಅನಿವಾರ್ಯವಾಗಿತ್ತು, ಬರೆದವರೇ ಎದುರು ಕೂತು ಉಚ್ಚಾರ ತಿದ್ದುವುದಕ್ಕೆ ಆಸ್ಪದವಿತ್ತು. ಈಗ ಗಾಯಕರು ಬೇರೊಂದು ಊರಿನಲ್ಲಿ, ಟ್ರ್ಯಾಕ್ ಕೇಳಿಕೊಂಡು, ಸಾಲು ಸಾಲಾಗಿ ಹಾಡಿ ಕಳಿಸಬಹುದು. ಅನುಕೂಲ ದೊಡ್ಡದು, ಹಾಡಿನ ಕೋಣೆಯಲ್ಲಿ ಕನ್ನಡ ಬಲ್ಲವರು ಇಲ್ಲದಿರುವ ಸಾಧ್ಯತೆಯೂ ಅಷ್ಟೇ ದೊಡ್ಡದು.

ಶ್ರುತಿಯ ವಿಷಯದಲ್ಲಿ ಎಚ್ಚರ ಬೇಕು. 1997ರಲ್ಲಿ ತಪ್ಪಿದ ಶ್ರುತಿಯನ್ನು ಸರಿಪಡಿಸುವ ಆಟೊಟ್ಯೂನ್ ತಂತ್ರಾಂಶ ಬಂದ ಮೇಲೆ ಧ್ವನಿಮುದ್ರಣದಲ್ಲಿ ಅಪಶ್ರುತಿ ಕೇಳುವುದೇ ಅಪರೂಪ, ಆದುದರಿಂದ ಹೊಸ ಹಾಡಿನ ಶುದ್ಧ ಶ್ರುತಿಯನ್ನು ಗುಣವೆಂದು ಎಣಿಸಬೇಡಿ. ಹಳೆಯ ಹಾಡಿನಲ್ಲಿ ಕೂದಲೆಳೆಯಷ್ಟು ಜಾರಿದ ಸ್ವರವನ್ನು ದೋಷವೆಂದೂ ಹಿಡಿಯಬೇಡಿ. ಬದಲಿಗೆ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ಕೇಳಿ. ಗಮಕವು, ಅಂದರೆ ಸ್ವರದ ಬಳುಕು, ಉಳಿದಿದ್ದರೆ ಜಾರು ಕೇಳಿಸುತ್ತದೆ, ಯಂತ್ರ ಒತ್ತಿ ಸಮಮಾಡಿದ್ದರೆ ಮೆಟ್ಟಿಲುಗಳು ಕೇಳಿಸುತ್ತವೆ. ಸಂದೇಹವಿದ್ದರೆ ಅದೇ ಗಾಯಕರು ವೇದಿಕೆಯ ಮೇಲೆ ಹಾಡಿದ ವಿಡಿಯೊ ಹುಡುಕಿ. ವಿಜಯ್ ಪ್ರಕಾಶ್ ಅವರಂಥವರ ವಿಷಯದಲ್ಲಿ ಈ ಹುಡುಕಾಟ ಹಿರಿಯರನ್ನು ಬೆರಗುಗೊಳಿಸುವುದನ್ನು ನಾನು ಕಂಡಿದ್ದೇನೆ.

ಕಟ್ಟಡ ಮತ್ತು ನಾದ

ಹಾಡಿನ ಆಕಾರವನ್ನು ಅದನ್ನು ಹೊತ್ತು ತರುವ ಯಂತ್ರವೂ ನಿರ್ಧರಿಸುತ್ತದೆ. 78 ವೇಗದ ಗ್ರಾಮಫೋನ್ ತಟ್ಟೆಯ ಒಂದು ಮುಖದಲ್ಲಿ ಸುಮಾರು ಮೂರೂವರೆ ನಿಮಿಷ ಹಿಡಿಯುತ್ತಿತ್ತು. ಪಲ್ಲವಿ ಮತ್ತು ಎರಡು ಚರಣಗಳ ಅಡಕ ಅಲ್ಲಿಂದ ಬಂದ ಶಿಸ್ತೂ ಹೌದು. ಇಂದು ಸ್ಪಾಟಿಫೈನಲ್ಲಿ ಒಂದು ಹಾಡು ಕೇಳಿದಂತೆ ಲೆಕ್ಕವಾಗಲು 30 ಸೆಕೆಂಡು ಕೇಳಿದರೆ ಸಾಕು. ಜನರು ಹಿಡಿದುಕೊಳ್ಳುವ ಸಾಲನ್ನು ಮೊದಲೇ ತಂದಿಡುವ ಆಸೆ ಸಹಜ. ಆದುದರಿಂದ ಎರಡೂ ಹಾಡುಗಳ ನಕ್ಷೆಯನ್ನು ಬರೆದುಕೊಳ್ಳಿ: ದನಿ ಯಾವಾಗ ಬರುತ್ತದೆ, ಪಲ್ಲವಿ ಎಷ್ಟು ಸಲ ಮರಳುತ್ತದೆ, ಮರಳಿದಾಗ ಹೊಸ ಸಂಗತಿಯೊಡನೆ ಬರುತ್ತದೆಯೋ ಹಾಗೆಯೇ ಬರುತ್ತದೆಯೋ, ಚರಣದ ಧಾಟಿ ಪಲ್ಲವಿಯನ್ನು ಬಿಟ್ಟು ಬೇರೆಲ್ಲಿಗಾದರೂ ಹೋಗಿ ಬರುತ್ತದೆಯೋ. ರಾಜನ್–ನಾಗೇಂದ್ರರ ಚರಣಗಳು ದೂರ ಹೋಗಿ, ಪಲ್ಲವಿಯ ಬಾಗಿಲಿಗೆ ತಿರುಗಿ ಬಂದು ಸೇರುವ ರೀತಿಯನ್ನು ಗಮನವಿಟ್ಟು ಕೇಳಿದವರಿಗೆ, ಈಚಿನ ಅನೇಕ ಹಾಡುಗಳು ಹೊರಟ ಜಾಗವನ್ನೇ ಸುತ್ತುತ್ತವೆ ಎನಿಸುವುದು ಸಹಜ. ವಾದ್ಯಗಳಿಲ್ಲದೆ, ಮಾತುಗಳಿಲ್ಲದೆ ಬರಿಯ ಧಾಟಿಯನ್ನು ಗುನುಗಿ ನೋಡುವುದು ಇದಕ್ಕೆ ಒಳ್ಳೆಯ ಪರೀಕ್ಷೆ.

ಆದರೆ ಗುನುಗಲಾಗದ ಹಾಡು ಕೆಟ್ಟ ಹಾಡಲ್ಲ. ತುಟಿ ಆಡಿಸುತ್ತ ಪಾತ್ರವೇ ಹಾಡುವ ಕಾಲ ಕಳೆದು, ಹಾಡು ದೃಶ್ಯಗಳ ಹಿಂದೆ ಹರಿಯುವ ಕಾಲ ಬಂದಿದೆ. ಅದರ ಕೆಲಸ ಕೆಲವೊಮ್ಮೆ ಒಂದು ಜಾಗದ ಗಾಳಿಯನ್ನು ಕಟ್ಟುವುದಷ್ಟೇ ಆಗಿರುತ್ತದೆ. ಸಂಗೀತ ನಿರ್ದೇಶಕರಾದ ಬಿ. ಅಜನೀಶ್ ಲೋಕನಾಥ್, ಚರಣ್ ರಾಜ್ ಅವರ ಕೆಲಸದಲ್ಲಿ ನಾದದ ಪದರಗಳನ್ನು, ಮೌನವನ್ನು, ಜಾನಪದ ವಾದ್ಯಗಳ ಒರಟು ಅಂಚನ್ನು ಬಳಸಿಕೊಳ್ಳುವ ಸೂಕ್ಷ್ಮತೆಯಿದೆ. ಒಂದೆರಡು ಮೈಕುಗಳ ಮೋನೊ ಮುದ್ರಣದಲ್ಲಿ ಅದು ಸಾಧ್ಯವೇ ಇರಲಿಲ್ಲ. 2012ರಲ್ಲಿ ಸ್ಪೇನಿನ ಸಂಶೋಧಕರು 1955ರಿಂದ 2010ರವರೆಗಿನ ಪಾಶ್ಚಾತ್ಯ ಜನಪ್ರಿಯ ಹಾಡುಗಳನ್ನು ಕಂಪ್ಯೂಟರಿನಿಂದ ಅಳೆದು, ಸ್ವರಸಂಚಾರದ ಮತ್ತು ನಾದದ ವೈವಿಧ್ಯ ಕಡಿಮೆಯಾಗಿದೆ, ಜೋರು ಹೆಚ್ಚಾಗಿದೆ ಎಂದು ಹೇಳಿದ್ದನ್ನು ಈ ಚರ್ಚೆಯಲ್ಲಿ ಎಲ್ಲರೂ ಎಳೆದು ತರುತ್ತಾರೆ. ಅದು ಆ ಹಾಡುಗಳ ಅಳತೆ. ಕನ್ನಡಕ್ಕೆ ಹಾಗೆಯೇ ತಂದು ಅಂಟಿಸಲಾಗದು.

ನೆನಪನ್ನು ಬೇರ್ಪಡಿಸುವುದು

ನೋಟ್‌ಬುಕ್ಕಿನಲ್ಲಿ ಸಾಹಿತ್ಯ, ಧಾಟಿ, ದನಿ, ನಾದ ಎಂಬ ಅಂಕಣಗಳ ಜೊತೆಗೆ 'ನೆನಪು' ಎಂಬ ಐದನೆಯ ಅಂಕಣವನ್ನು ಹಾಕಿ, ಆ ಹಾಡು ನಿಮಗೆ ಯಾರನ್ನು, ಯಾವುದನ್ನು ನೆನಪಿಸುತ್ತದೆಯೆಂದು ಮೊದಲೇ ಬರೆದುಬಿಡಿ. ಬರೆದಿಟ್ಟ ನೆನಪು ಉಳಿದ ಅಂಕಣಗಳಿಗೆ ಸೋರುವುದು ಕಡಿಮೆ. ಹರೆಯದ ಆಸುಪಾಸಿನಲ್ಲಿ ಕೇಳಿದ ಹಾಡುಗಳು ಮನಸ್ಸಿನಲ್ಲಿ ಆಳವಾಗಿ ಕೂರುತ್ತವೆ ಎಂಬುದು ಮನಶ್ಶಾಸ್ತ್ರದಲ್ಲಿ ಮತ್ತೆ ಮತ್ತೆ ಕಂಡುಬಂದಿರುವ ಸಂಗತಿ. ಕ್ಯಾರಲ್ ಕ್ರುಮ್‌ಹಾನ್ಸ್ಲ್ ಮತ್ತು ಜಸ್ಟಿನ್ ಜುಪ್ನಿಕ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಪ್ಪತ್ತರ ವಯಸ್ಸಿನವರು ತಮ್ಮ ತಂದೆ ತಾಯಿಯ ಹರೆಯದ ಕಾಲದ ಹಾಡುಗಳನ್ನೂ ವಿಶೇಷವಾಗಿ ಇಷ್ಟಪಟ್ಟದ್ದು ಕಂಡುಬಂತು. ಅಡುಗೆಮನೆಯ ರೇಡಿಯೊದಲ್ಲಿ ಹಾಡು ಕೇಳುತ್ತ ಬೆಳೆದವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು.

ನೆನಪು ಹಳೆಯ ಹಾಡಿಗೆ ಮಾತ್ರ ಅಂಟಿಕೊಳ್ಳುತ್ತದೆ ಎಂದುಕೊಳ್ಳಬಾರದು. ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ತೀರಿಕೊಂಡ ಮೇಲೆ 'ಬೊಂಬೆ ಹೇಳುತೈತೆ' ಹಾಡನ್ನು 2017ರಲ್ಲಿ ಕೇಳಿದಂತೆ ಕೇಳಲು ಯಾರಿಗೂ ಆಗುತ್ತಿಲ್ಲ. ಇಂಥ ಹಾಡುಗಳಿಗೆ ಅಂಕ ಹಾಕದೆ ಬಿಡುವುದೇ ಲೇಸು. ಆ ಜೋಡಿಯಲ್ಲಿ ನಾನು ಗಮನಿಸುವುದು ಬೇರೆಯದನ್ನು. 1971ರ ಹಾಡಿನಲ್ಲಿ ಗೊಂಬೆ ಒಂದು ಸ್ವಭಾವದ ರೂಪಕ, ಕಥೆ ಮುಂದುವರಿದಂತೆ ಅದೇ ಧಾಟಿ ಶೋಕದ ರೂಪದಲ್ಲಿ ಮರಳಿದಾಗ ಆ ರೂಪಕ ಇನ್ನೂ ಆಳವಾಗುತ್ತದೆ. 2017ರ ಹಾಡು ಆ ರೂಪಕವನ್ನು ಕೇಳುಗರು ಆಗಲೇ ಬಲ್ಲರೆಂಬ ಭರವಸೆಯ ಮೇಲೆ ನಿಂತಿದೆ. ಮೊದಲನೆಯದನ್ನು ಅರಿಯದ ಮಗುವಿಗೆ ಎರಡನ್ನೂ ಕೇಳಿಸಿ, ಗೊಂಬೆ ಏಕೆ ಬಂತೆಂದು ವಿಚಾರಿಸಿ ನೋಡಬಹುದು.

ಅಂಕಗಳನ್ನು ಕೂಡಿಸಬೇಡಿ

ಐದು ಅಂಕಣಗಳನ್ನು ಕೂಡಿಸಿ ಒಂದು ಮೊತ್ತ ತೆಗೆಯುವ ಆಸೆ ಬರುತ್ತದೆ, ತಡೆದುಕೊಳ್ಳಿ. ಉಚ್ಚಾರದ ನಷ್ಟವನ್ನು ನಾದದ ಲಾಭದಿಂದ ತುಂಬಲಾಗದು, ತದ್ವಿರುದ್ಧವೂ ಅಷ್ಟೇ. ಅಂಕಣಗಳನ್ನು ಒಂದೊಂದಾಗಿ ಓದಿದರೆ ಎಲ್ಲಿ ಗಳಿಸಿದ್ದೇವೆ, ಎಲ್ಲಿ ಕಳೆದಿದ್ದೇವೆ ಎಂಬುದು ತಿಳಿಯುತ್ತದೆ. ನನ್ನ ಪುಟಗಳಲ್ಲಿ ಕಾಣುವುದು ಇಷ್ಟು: ಮಾತಿಗೂ ಮಟ್ಟಿಗೂ ಇರುವ ಹೊಂದಿಕೆಯಲ್ಲಿ, ಉಚ್ಚಾರದಲ್ಲಿ, ಚರಣದ ಧಾಟಿ ಬೆಳೆಯುವುದರಲ್ಲಿ ಹಳೆಯದು ಮುಂದಿದೆ, ನಾದದ ಸೂಕ್ಷ್ಮತೆಯಲ್ಲಿ, ವಸ್ತುವಿನ ಹೊಸತನದಲ್ಲಿ, ಪ್ರಾದೇಶಿಕ ಮಾತುಗಳ ಪ್ರವೇಶದಲ್ಲಿ ಹೊಸದು ಮುಂದಿದೆ. ಕಳೆದುಕೊಂಡ ಮೂರರಲ್ಲಿ ಮೊದಲಿನ ಎರಡಕ್ಕೂ ಕಾರಣ ಪ್ರತಿಭೆಯ ಕೊರತೆಯಲ್ಲ, ತಾಲೀಮಿನ ಕೊರತೆ. ನಿರ್ಮಾಪಕರು ಎರಡು ದಿನ ಹೆಚ್ಚು ಕೊಟ್ಟು, ಬರೆದವರನ್ನು ಹಾಡಿನ ಕೋಣೆಗೆ ಕರೆಸಿಕೊಂಡರೆ ಅವು ಮರಳಿ ಬರಬಹುದಾದಂಥವು. ಮೂರನೆಯದರ ಬಗ್ಗೆ ನನಗೆ ಅಷ್ಟು ಭರವಸೆಯಿಲ್ಲ. ನಿಮ್ಮ ಪುಟಗಳು ಬೇರೆ ಹೇಳಿದರೆ ಅವನ್ನೇ ನಂಬಿ.

ಇದೇ ಕ್ರಮವನ್ನು ಮುಂದುವರಿಸಲು ಬಯಸುವವರು ನಾಡಗೀತೆಗಳ ಬಗೆಯ ಹಾಡುಗಳನ್ನು ತೆಗೆದುಕೊಳ್ಳಬಹುದು. ರಾಜ್‌ಕುಮಾರ್ ಅವರೇ ಹಾಡಿದ 1982ರ 'ಚಲಿಸುವ ಮೋಡಗಳು' ಚಿತ್ರದ 'ಜೇನಿನ ಹೊಳೆಯೋ' ಗೀತೆಯನ್ನೂ, ಹಂಸಲೇಖ ಅವರು ರಚಿಸಿದ 1993ರ 'ಆಕಸ್ಮಿಕ'ದ 'ಹುಟ್ಟಿದರೆ ಕನ್ನಡ ನಾಡಲ್ಲಿ ಹುಟ್ಟಬೇಕು' ಗೀತೆಯನ್ನೂ ಮುಂದಿಟ್ಟುಕೊಂಡು, ಅವುಗಳ ಪಕ್ಕಕ್ಕೆ 2010ರ ಈಚಿನ ಒಂದು ಹಾಡನ್ನು ಹುಡುಕಿ. ನವೆಂಬರ್ ಒಂದರಂದು ನಿಮ್ಮ ಬಡಾವಣೆಯ ಆರ್ಕೆಸ್ಟ್ರಾದವರು ಯಾವ ಯಾವ ಹಾಡುಗಳನ್ನು ಹಾಡುತ್ತಾರೆ, ಯಾವುದಕ್ಕೆ ಮಕ್ಕಳು ಸಾಹಿತ್ಯ ನೋಡದೆ ದನಿಗೂಡಿಸುತ್ತಾರೆ ಎಂಬುದನ್ನು ಗುರುತು ಹಾಕಿಕೊಂಡು ಬಂದರೆ ಮೂರನೆಯ ಹಾಡನ್ನು ಆರಿಸುವುದು ಸುಲಭವಾಗುತ್ತದೆ.